ನೀಲಿ ಹೋಯ್ತಾ?

ಮೂರನೆಯ ಬಾಟಲಿ ಒಡೆದೇ ಬಂದಿತ್ತು.

ಕೊರಿಯರ್ ಪೆಟ್ಟಿಗೆಯನ್ನು ಎರಡೂ ಕಡೆಯ ವಕೀಲರ ಎದುರಿಗೆ ಅವಳೇ ಕತ್ತರಿಸಿ ತೆರೆದಳು. ಒಳಗೆ ಎಣ್ಣೆಯಲ್ಲಿ ನೆಂದ ಹತ್ತಿ, ಗಾಜಿನ ಚೂರು, ಅವುಗಳ ನಡುವೆ ಬಾಟಲಿಯ ಕುತ್ತಿಗೆ, ಅದರ ಮೇಲೆ ಒಂದು ಬಿರುಕೂ ಇಲ್ಲದೆ ಕೂತಿದ್ದ ಅರಗಿನ ಮುದ್ರೆ.

"ಬಾಟಲಿ ಹೋದ್ರೂ ಮುದ್ರೆ ಮರ್ಯಾದೆ ಉಳಿಸ್ಕೊಂಡಿದೆ," ಎಂದರು ಮೇಷ್ಟ್ರು. ವಕೀಲರು ನಗಲಿಲ್ಲ. ಅವಳಿಗೆ ನಗು ಬಂತು, ಕೆಮ್ಮಿನಲ್ಲಿ ಮುಚ್ಚಿಕೊಂಡಳು. ಎದುರು ಪಕ್ಷದವರ ಜೋಕಿಗೆ ನಗುವುದು ಸರಿ ಕಾಣುವುದಿಲ್ಲ.

ಜಗಳ ಎರಡು ದೇಶಗಳ ನಡುವಿನದು. ಒಂದು ದೇಶದ ಎಣ್ಣೆ ಗಿರಣಿ ಸೂರ್ಯಕಾಂತಿ ಎಣ್ಣೆ ಮಾರಿತ್ತು, ಇನ್ನೊಂದು ದೇಶದ ಬಿಸ್ಕತ್ತು ಕಂಪನಿ ಕೊಂಡಿತ್ತು. ಮೂವತ್ತನಾಲ್ಕು ದಿನ ಸಮುದ್ರದ ಮೇಲಿದ್ದು ಹಡಗು ದಡ ಸೇರಿ ಮುಚ್ಚಳ ತೆಗೆದಾಗ ಎಣ್ಣೆ ಕಮಟು ನಾರುತ್ತಿತ್ತು. ಮಾರುವಾಗಲೇ ಹಳಸಿತ್ತು ಎಂದು ಕಂಪನಿ, ನಾವು ಕಳಿಸಿದ್ದು ತಾಜಾ ಎಂದು ಗಿರಣಿ. ನಿನ್ನ ದೇಶದ ಕೋರ್ಟನ್ನು ನಾನು ನಂಬೆ, ನನ್ನದನ್ನು ನೀನು ನಂಬೆ ಎಂದು ಇಬ್ಬರೂ ಮೊದಲೇ ಮಾಡಿಕೊಂಡಿದ್ದ ಒಪ್ಪಂದದಂತೆ ವ್ಯಾಜ್ಯ ಮೂರನೆಯ ದೇಶದ ಊರೊಂದರಲ್ಲಿ ಮಧ್ಯಸ್ಥಿಕೆಗೆ ಬಂದಿತ್ತು. ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು: ಹಡಗಿಗೆ ತುಂಬುವಾಗ ಪರವಾನಗಿ ಪಡೆದ ರಸಾಯನಜ್ಞ ಕೊಟ್ಟ ಪ್ರಮಾಣಪತ್ರವೇ ಅಂತಿಮ.

ಪ್ರಮಾಣಪತ್ರ ಕೊಟ್ಟವರು ಮೇಷ್ಟ್ರು. ಎಣ್ಣೆ ಎಷ್ಟು ಹಳಸಿದೆಯೆಂದು ಹೇಳುವ ಅಂಕಿ ಐದರೊಳಗಿರಬೇಕು; ಅವರು ಬರೆದದ್ದು ಒಂದು ಪಾಯಿಂಟ್ ಎಂಟು. ದಡ ಸೇರಿದ ಮೇಲೆ ಬಂದದ್ದು ಹನ್ನೊಂದು. ಪ್ರಮಾಣಪತ್ರ ನಿಂತರೆ ಗಿರಣಿ ಗೆಲ್ಲುತ್ತದೆ, ಬಿದ್ದರೆ ಬಿಸ್ಕತ್ತು ಕಂಪನಿ. ಅವಳು ಬಿಸ್ಕತ್ತು ಕಂಪನಿಯ ತಜ್ಞೆ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಮೊದಲು ಬಿಳಿ ಕೋಟು ತೊಟ್ಟದ್ದು ಮೇಷ್ಟ್ರ ಲ್ಯಾಬಿನಲ್ಲಿ. ಬ್ಯೂರೆಟ್ಟೆಂಬ ಗಾಜಿನ ಅಳತೆ ಕೊಳವೆಯ ತುದಿಯಲ್ಲಿ ಬೀಳದೆ ನೇತಾಡುವ ಅರ್ಧ ಹನಿಯನ್ನು ಗಾಜಿಗೆ ತಾಗಿಸಿ, ತೊಳೆದು ಒಳಗಿಳಿಸುವುದನ್ನು ಕಲಿಸಿದವರು ಅವರು. ಅವಳು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳೆಂದರೆ ಅವರು ಅವಳಿಗೆ 'ಅರ್ಧಹನಿ' ಎಂದೇ ಹೆಸರಿಟ್ಟರು. ಈಗಲೂ ಅದೇ ಹೆಸರು. ಅವರ ವಕೀಲರ ಎದುರಿಗೇ, "ಬಾ ಅರ್ಧಹನಿ, ದಪ್ಪ ಆಗಿದ್ದೀಯ" ಎಂದು ಕರೆದು ಮಾನ ಕಳೆದಿದ್ದರು.

ಹಡಗಿಗೆ ತುಂಬುವಾಗ ತೆಗೆದ ಮಾದರಿಯ ಎರಡು ಬಾಟಲಿ ಎರಡು ಪಕ್ಷಕ್ಕೆ ಹೋಗಿ ಆಗಲೇ ತೆರೆದು ಮುಗಿದಿದ್ದವು; ಜಗಳವಾದರೆ ಇರಲಿ ಎಂದು ಮುದ್ರೆ ಹಾಕಿಟ್ಟ ಮೂರನೆಯದು ಇದ್ದಿದ್ದರೆ ಇಬ್ಬರೂ ಅದನ್ನೇ ಪರೀಕ್ಷಿಸಿ ಮುಗಿಸಬಹುದಿತ್ತು. ಅದಿಲ್ಲದ್ದರಿಂದ ಮಧ್ಯಸ್ಥಗಾರರು ಬೇರೆ ದಾರಿ ಹೇಳಿದರು. ಅಂಗಡಿಯಿಂದ ಯಾವುದಾದರೂ ಎಣ್ಣೆ ತನ್ನಿ, ಒಪ್ಪಂದದಲ್ಲಿ ಹೇಳಿದ ಕೈವಿಧಾನದಲ್ಲೇ ಇಬ್ಬರೂ ಪರೀಕ್ಷೆ ಮಾಡಿ, ಎಲ್ಲಿ ಒಪ್ಪುತ್ತೀರಿ, ಎಲ್ಲಿ ಒಪ್ಪುವುದಿಲ್ಲ ಬರೆದುಕೊಡಿ. ಅದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ: ತಜ್ಞರ ಸಭೆಯಲ್ಲಿ ಆಡಿದ್ದು, ಕಂಡದ್ದು ಸಭೆಯಲ್ಲೇ ಉಳಿಯಬೇಕು. ತಮ್ಮ ವಕೀಲರಿಗೂ ಹೇಳಕೂಡದು. ಇಬ್ಬರೂ ಸಹಿ ಹಾಕಿದರು.

ಬಾಡಿಗೆಗೆ ಹಿಡಿದದ್ದು ಒಂದು ಕಾಲೇಜಿನ ಲ್ಯಾಬು. ಸಿಂಕಿನ ಕೆಳಗೆ ಬಕೆಟ್ಟು, ಗೋಡೆಯ ಮೇಲೆ ಮಾಸಿದ ಧಾತುಗಳ ಪಟ್ಟಿ. ಒಬ್ಬೊಬ್ಬ ತಜ್ಞರು ಒಬ್ಬ ಸಹಾಯಕರನ್ನು ತರಬಹುದಿತ್ತು. ಅವಳು ಯಾರನ್ನೂ ತಂದಿರಲಿಲ್ಲ. ಮೇಷ್ಟ್ರ ಜೊತೆ ಅವರ ಹೆಂಡತಿ ಬಂದಿದ್ದರು, ಅವಳು ಶಿಷ್ಯೆಯಾಗಿದ್ದಾಗಿನಿಂದಲೂ ಅಮ್ಮ ಎಂದು ಕರೆಯುವವರು. ಹೊರಗೆ ಬೆಂಚಿನ ಮೇಲೆ ಪೇಪರು ಓದುತ್ತ ಕೂತಿದ್ದರು.

ಮೇಷ್ಟ್ರು ಮೊದಲು ಮಾಡಿದರು. ಎಪ್ಪತ್ತು ದಾಟಿದರೂ ಕೈ ನಡುಗಲಿಲ್ಲ. ಎಣ್ಣೆಗೆ ದ್ರಾವಣಗಳನ್ನು ಬೆರೆಸಿ ಗಂಜಿ ಹಾಕಿದೊಡನೆ ಫ್ಲಾಸ್ಕು ಕಡುನೀಲಿಗೆ ತಿರುಗಿತು. ಇನ್ನು ಬ್ಯೂರೆಟ್ಟಿನಿಂದ ಹನಿ ಬಿಡುತ್ತ ಹೋಗಬೇಕು. ನೀಲಿ ಪೂರ್ತಿ ಹೋದ ಗಳಿಗೆ ನಿಲ್ಲಿಸಿ, ಎಷ್ಟು ಇಳಿಯಿತೆಂದು ಓದಬೇಕು. ಜಾಸ್ತಿ ಇಳಿದಷ್ಟೂ ಎಣ್ಣೆ ಹಳಸಿದೆಯೆಂದು ಅರ್ಥ. ಬೇಗ ನಿಲ್ಲಿಸಿದವನಿಗೆ ಹಳಸಿದ ಎಣ್ಣೆಯೂ ತಾಜಾ ಕಾಣುತ್ತದೆ.

ನೀಲಿ ತಿಳಿಯಾಗುತ್ತ ಬಂತು. ಒಗೆದ ಬಿಳಿಬಟ್ಟೆಯ ಮಡಿಕೆಯಲ್ಲಿ ಉಳಿಯುವಷ್ಟು ತೆಳುವಾಯಿತು. ಆದರೆ ಇತ್ತು. ಮೇಷ್ಟ್ರು ತಿರುಪು ಮುಚ್ಚಿದರು.

"ಹೋಯ್ತು."

ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡಳು ಅವಳು. ಹಿಂದೆಯೂ ಹೀಗೇ ಬೇಕೆಂದು ತಪ್ಪು ಮಾಡಿ, ಹಿಡಿಯುತ್ತಾಳೋ ಇಲ್ಲವೋ ನೋಡುತ್ತಿದ್ದರು.

"ಇನ್ನೂ ಇದೆ ಸರ್."

ಅವರು ಫ್ಲಾಸ್ಕನ್ನು ನೋಡಿದರು, ಆಮೇಲೆ ಅವಳನ್ನು. "ಇದೆಯಾ?"

ಅದು ಮೇಷ್ಟ್ರು ಕೇಳುವ ಪ್ರಶ್ನೆಯಾಗಿರಲಿಲ್ಲ.

ಇಬ್ಬರೂ ಮೂರು ಮೂರು ಸಲ ಮಾಡಿದರು. ಅವರಿಗೆ ಮೂರು ಪಾಯಿಂಟ್ ಒಂದರ ಆಸುಪಾಸು, ಅವಳಿಗೆ ಮೂರು ಪಾಯಿಂಟ್ ಒಂಬತ್ತು. ವ್ಯತ್ಯಾಸ ಅತ್ತಿತ್ತ ಅಲುಗದೆ ನಿಂತಿತ್ತು. ಕೈ ತಪ್ಪಿದರೆ ವ್ಯತ್ಯಾಸ ಅಲೆದಾಡುತ್ತದೆ. ಹೀಗೆ ಒಂದೇ ಕಡೆ ಒಂದೇ ಅಳತೆಗೆ ನಿಂತರೆ ಕಾರಣ ಒಂದೇ ಇರಬೇಕು. ಇದನ್ನು ಹೇಳಿಕೊಟ್ಟವರೂ ಅವರೇ.

"ಬಾಗಿಲು ಹಾಕು," ಎಂದರು ಮೇಷ್ಟ್ರು. "ಎರಡು ವರ್ಷ ಆಯ್ತು. ಪೊರೆ. ಎರಡೂ ಕಣ್ಣಲ್ಲಿ. ಹಳದಿ ಗಾಜಿನೊಳಗಿಂದ ನೋಡಿದ ಹಾಗೆ. ಗೆರೆ ಕಾಣುತ್ತೆ, ಅಕ್ಷರ ಕಾಣುತ್ತೆ. ತೆಳು ನೀಲಿ ಒಂದು ಕಾಣಲ್ಲ."

"ಆಪರೇಷನ್ ಮಾಡಿಸ್ಕೋಬಾರದಾ ಸರ್? ಇಪ್ಪತ್ತು ನಿಮಿಷದ ಕೆಲಸ!"

"ಇಪ್ಪತ್ತು ನಿಮಿಷಕ್ಕೆ ಹೆದರಿ ಎರಡು ವರ್ಷ ಕಳೆದೆ. ನಗು, ಪರವಾಗಿಲ್ಲ. ಮನೇಲೂ ನಗ್ತಾರೆ."

ಅವಳು ನಗಲಿಲ್ಲ. "ಹಾಗಾದ್ರೆ ಆ ಒಂದು ಪಾಯಿಂಟ್ ಎಂಟು?"

"ಅದು ಸರಿ ಇದೆ. ಅದನ್ನ ನಾನು ನೋಡಿದ್ದಲ್ಲ." ಬಾಗಿಲ ಕಡೆ ಕೈ ತೋರಿಸಿದರು. "ಇವಳು ನೋಡಿದ್ದು. ನಾನು ತಿರುಪು ಹಿಡೀತೀನಿ, 'ನೀಲಿ ಹೋಯ್ತಾ?' ಅಂತೀನಿ. ಇವಳು 'ಹೋಯ್ತು' ಅಂದಾಗ ನಿಲ್ಲಿಸ್ತೀನಿ. ಎರಡು ವರ್ಷದಿಂದ ಹಾಗೇ."

ಅಮ್ಮ ಮೂವತ್ತು ವರ್ಷ ಬಟ್ಟೆ ಗಿರಣಿಯ ಬಣ್ಣದ ವಿಭಾಗದಲ್ಲಿದ್ದವರು. ಬಟ್ಟೆಯ ಒಂದು ತಾನಿನ ಬಣ್ಣ ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಕಿಟಕಿಯ ಬೆಳಕಿನಲ್ಲಿ ಹಿಡಿದು ಹೇಳುವುದೇ ಕೆಲಸ. ಅವರು ಬೇಡವೆಂದ ತಾನನ್ನು ಮಾಲೀಕನೂ ಹೊರಗೆ ಕಳಿಸುತ್ತಿರಲಿಲ್ಲವಂತೆ.

ಮರುದಿನ ಅಮ್ಮ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಮೇಷ್ಟ್ರು ಹನಿ ಬಿಟ್ಟರು.

"ಹೋಯ್ತೇನೇ?"

"ಅವಸರ ಮಾಡ್ಬೇಡಿ ರೀ. ಇದೆ."

"ಈಗ?"

"ಇದೆ ಅಂದ್ನಲ್ಲ. ಮದುವೆ ದಿನಾನೂ ಹೀಗೇ ಆಡಿದ್ರು." ಅಮ್ಮ ಬಗ್ಗಿ ನೋಡಿದರು. "ಹ್ಞಾ. ಹೋಯ್ತು."

ಮೂರು ಪಾಯಿಂಟ್ ಒಂಬತ್ತು. ಮತ್ತೆ ಮೂರು ಪಾಯಿಂಟ್ ಒಂಬತ್ತು. ಮೂರನೆಯ ಸಲ ಮೂರು ಪಾಯಿಂಟ್ ಎಂಟು. ಅವಳಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

"ಅಂಕಿ ಸರಿ. ಕಾಗದ ಸುಳ್ಳು," ಎಂದರು ಮೇಷ್ಟ್ರು ಫ್ಲಾಸ್ಕು ತೊಳೆಯುತ್ತ. "'ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ' ಅಂತ ಸಹಿ ಹಾಕಿದ್ದೀನಿ. ಇದು ಹೊರಗೆ ಬಂದ್ರೆ ಪರವಾನಗಿ ಹೋಗುತ್ತೆ. ನಲವತ್ತೈದು ವರ್ಷ ಹಾಕಿದ ಸಹಿಯನ್ನೆಲ್ಲ ಕೆದಕ್ತಾರೆ."

"ಇದು ಈ ಕೋಣೆ ದಾಟಲ್ಲ ಸರ್," ಎಂದಳು ಅವಳು.

ಒಪ್ಪಿ ಬರೆದುಕೊಟ್ಟದ್ದು ಒಂದೇ ಪುಟ: ವಿಧಾನದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ.

ಅಂದು ಸಂಜೆ ಹೋಟೆಲಿನ ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿಗೆ ಕಾಯುತ್ತ, ಅವಳ ಪಕ್ಷದ ವಕೀಲರು ಆ ಪುಟವನ್ನು ಹಿಂದೆ ಮುಂದೆ ತಿರುಗಿಸಿದರು. ಮಾತಿನಲ್ಲಿ ಬಲು ಚುರುಕು, ಒಳ್ಳೆಯ ಕೋಟು, ಯಾವಾಗಲೂ ಹಸಿದವರಂತೆ ಇರುವ ಮನುಷ್ಯ.

"ಎರಡು ದಿನ ಕೂತು ಬರೆದದ್ದು ಇಷ್ಟೇನಾ ಮೇಡಂ? ನಿಮ್ಮನ್ನ ಕರೆಸಿದ್ದು ಅವರ ಅಂಕಿ ಬೀಳಿಸೋಕೆ. ನೀವು ನೋಡಿದ್ರೆ ಗುರುಗಳ ಕಾಲು ಒತ್ತಿ ಬಂದಿದ್ದೀರಿ."

ತಜ್ಞೆಯಾಗಿ ಇದು ಅವಳ ಮೊದಲ ದೊಡ್ಡ ಕೇಸು. ಇನ್ನೂ ಅವರ ಶಿಷ್ಯೆ ಎಂದೇ ತನ್ನನ್ನು ಅಳೆಯುತ್ತಾರೆಂಬ ಉರಿ ಎಷ್ಟು ವರ್ಷದ್ದೋ.

"ಕಾಲಲ್ಲ, ಕಣ್ಣು ನೋಡಿ ಬಂದಿದ್ದೀನಿ," ಎಂದುಬಿಟ್ಟಳು. "ತೆಳು ನೀಲಿ ಕಾಣುತ್ತಾ ಅಂತ ಕೇಳಿ ನೋಡಿ ಅವರನ್ನ."

ವಕೀಲರ ಕೈ ಅಲ್ಲೇ ನಿಂತಿತು. ಪುಟವನ್ನು ನಿಧಾನವಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ನೀವು ಏನೂ ಹೇಳಲಿಲ್ಲ. ನನಗೆ ಏನೂ ಕೇಳಿಸಲಿಲ್ಲ," ಎಂದರು.

ಲಿಫ್ಟು ಬಂತು. ಇಬ್ಬರೂ ಹತ್ತಿದರು. ಆಗಲೂ ಇನ್ನರ್ಧ ಹೇಳಲು ಸಮಯವಿತ್ತು: ಆದರೆ ಅಂಕಿ ಸರಿ ಇದೆ, ನೋಡಿದ್ದು ಬೇರೆಯವರು. ನಾಲ್ಕು ಮಹಡಿ ಇಳಿಯುವಷ್ಟು ಸಮಯ. ಒಂದು ಗುಟ್ಟು ಒಡೆದವಳು ಇನ್ನೊಂದನ್ನಾದರೂ ಕಾಪಾಡಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಅದಲ್ಲ. ವಕೀಲರ ಮುಖದಲ್ಲಿ ಅವಳ ಬಗ್ಗೆ ಆಗಷ್ಟೇ ಮೂಡಿದ್ದ ಗೌರವ ಇಳಿದುಹೋದೀತೆಂದು ಅವಳಿಗೆ ಭಯವಾಗಿತ್ತು.

ವಿಚಾರಣೆಯ ದಿನ ಇಬ್ಬರು ತಜ್ಞರನ್ನೂ ಒಂದೇ ಮೇಜಿನ ಹಿಂದೆ ಅಕ್ಕಪಕ್ಕ ಕೂರಿಸಿದರು. ಇಂಥ ವ್ಯಾಜ್ಯಗಳಲ್ಲಿ ಹಾಗೊಂದು ಪದ್ಧತಿಯಿದೆ. ಒಬ್ಬರೆದುರು ಒಬ್ಬರು ಸುಳ್ಳು ಹೇಳುವುದು ಕಷ್ಟವೆಂದು ಲೆಕ್ಕ. ಮಧ್ಯಸ್ಥಗಾರರು ನಿವೃತ್ತ ನ್ಯಾಯಾಧೀಶೆ, ಸಣ್ಣ ದನಿಯವರು, ಪೆನ್ಸಿಲಿನಲ್ಲೇ ಬರೆಯುತ್ತಿದ್ದರು.

ಕಂಪನಿಯ ವಕೀಲರು ಎದ್ದು ಬಂದು ಮೇಷ್ಟ್ರ ಮುಂದೆ ಹತ್ತು ಕಾಗದದ ಚೀಟಿಗಳನ್ನು ಸಾಲಾಗಿ ಇಟ್ಟರು.

"ದಯವಿಟ್ಟು ಇದರಲ್ಲಿ ನೀಲಿ ಎಷ್ಟು, ಬಿಳಿ ಎಷ್ಟು ಹೇಳ್ತೀರಾ ಸರ್? ಅವಸರ ಇಲ್ಲ."

ಆರು ಚೀಟಿಗಳು ತೆಳುನೀಲಿ. ಪಕ್ಕದಲ್ಲಿ ಕೂತ ಅವಳಿಗೆ ಹಾಡುಹಗಲಿನಂತೆ ಕಾಣುತ್ತಿತ್ತು. ಮೇಷ್ಟ್ರು ಒಂದೊಂದನ್ನೇ ಎತ್ತಿ ದೀಪದ ಕಡೆ ಹಿಡಿದರು, ಇಳಿಸಿದರು. ಐದನೆಯದನ್ನು ಎರಡು ಸಲ ನೋಡಿದರು. ಊಹೆಯ ಮೇಲೆ ಹೇಳಬಹುದಿತ್ತು. ಆದರೆ ಜೀವಮಾನದಲ್ಲಿ ಅವರು ಒಂದು ಅಂಕಿಯನ್ನೂ ಊಹೆಯ ಮೇಲೆ ಹೇಳಿದವರಲ್ಲ.

"ನನಗೆ ಎಲ್ಲಾ ಬಿಳಿ ಥರಾನೇ ಕಾಣ್ತಿದೆ," ಎಂದರು.

ಗಿರಣಿಯ ವಕೀಲರು ತಲೆ ತಗ್ಗಿಸಿದರು. ಮಧ್ಯಸ್ಥಗಾರರು ಬರೆದುಕೊಂಡು ಅವಳ ಕಡೆ ತಿರುಗಿದರು.

"ನಿಮ್ಮನ್ನೇ ಕೇಳ್ತೀನಿ. ಆ ಒಂದು ಪಾಯಿಂಟ್ ಎಂಟು ಅನ್ನೋ ಅಂಕಿ ನಿಮ್ಮ ಅಭಿಪ್ರಾಯದಲ್ಲಿ ತಪ್ಪಾ?"

"ಪರೀಕ್ಷಕರಿಗೆ ನೀಲಿ ಕಾಣದಿದ್ದರೆ ಅವರು ಓದಿದ ಅಂಕಿಯನ್ನ ನಂಬೋಕಾಗಲ್ಲ ಮೇಡಂ."

"ನಾನು ಕೇಳಿದ್ದು ಅದಲ್ಲ. ಆ ಅಂಕಿ ತಪ್ಪಾ, ಸರಿಯಾ?"

ಮೇಷ್ಟ್ರ ತೋಳು ಅವಳ ತೋಳಿಗೆ ತಾಗುತ್ತಿತ್ತು.

"ಅದರ ಬಗ್ಗೆ ಇನ್ನೇನು ಹೇಳಬೇಕಾದರೂ ತಜ್ಞರ ಸಭೆಯಲ್ಲಿ ಆಡಿದ ಮಾತು ಹೇಳಬೇಕಾಗುತ್ತೆ. ನಿಯಮ ಬಿಡಲ್ಲ ಮೇಡಂ."

ಮುರಿದವಳೇ ಆ ನಿಯಮದ ಹಿಂದೆ ಅವಿತು ಕೂತಳು. ಮಧ್ಯಸ್ಥಗಾರರು ಒಂದು ಕ್ಷಣ ಅವಳನ್ನೇ ನೋಡಿ, "ಸರಿ," ಎಂದು ಪೆನ್ಸಿಲು ಕೆಳಗಿಟ್ಟರು.

ಹೊರಗೆ ಕಾರಿಡಾರಿನಲ್ಲಿ ಮೇಷ್ಟ್ರು ಅವಳನ್ನು ಹುಡುಕಿಕೊಂಡು ಬಂದರು. ಬೈಯಲಿ ಎಂದು ಅವಳು ಕಾಯುತ್ತಿದ್ದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

"ಬಾಯಿ ಬಿಡಲಿಲ್ಲ ನೀನು. ಇವಳ ಹೆಸರು ಎಳೆದು ಬಿಡ್ತೀಯೇನೋ ಅಂದ್ಕೊಂಡಿದ್ದೆ. ಬಿಡಲಿಲ್ಲ. ನನಗೆ ಅಷ್ಟು ಸಾಕು ಅರ್ಧಹನಿ."

"ಸರ್..."

"ಆ ವಕೀಲ ಪ್ರಚಂಡ ಕಣೇ. ಪೆಟ್ಟಿಗೆ ತೆರೆದ ದಿನ ನೀರಿನ ಲೋಟ ತಡಕಾಡಿದ್ದೆನಲ್ಲ, ಆಗ ಹಿಡಿದಿರಬೇಕು. ಅಂಥವರು ನನ್ನ ಲ್ಯಾಬಿಗೆ ಬರಬೇಕಿತ್ತು."

ಅಮ್ಮ ಗಂಡನ ಕೋಟಿನ ಗುಂಡಿ ಹಾಕುತ್ತಿದ್ದರು. ಕೊನೆಯ ಗುಂಡಿ ಹಾಕಿ ಅವಳ ಮುಖವನ್ನು ನೋಡಿದರು. ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು ನೋಡುವವರ ನೋಟ ಹೇಗಿರುತ್ತದೆಂದು ಅವಳಿಗೆ ಆಗ ತಿಳಿಯಿತು.

ತೀರ್ಪಿಗೆ ಆರು ವಾರವಿತ್ತು. ಊರಿಗೆ ಮರಳಿದ ಮೇಲೆ ಅವಳು ಲ್ಯಾಬಿನಲ್ಲಿ ಫ್ಲಾಸ್ಕು ಹಿಡಿದರೆ ನೀಲಿ ಹೋಯಿತೋ ಇಲ್ಲವೋ ಎಂದು ತನ್ನ ಕಣ್ಣನ್ನೇ ಅನುಮಾನಿಸಿ ಮೂರು ಮೂರು ಸಲ ಮಾಡುತ್ತಿದ್ದಳು. ಅಭಿಪ್ರಾಯ ಬದಲಾದರೆ ತಜ್ಞರು ತೀರ್ಪಿಗೆ ಮುಂಚೆ ಮಧ್ಯಸ್ಥಗಾರರಿಗೆ ಬರೆದು ತಿಳಿಸಬೇಕೆಂಬ ಕಟ್ಟಳೆಯಿದೆ. ಅವಳ ಅಭಿಪ್ರಾಯ ಬದಲಾಗಿರಲಿಲ್ಲ, ಹೇಳಿರಲಿಲ್ಲ ಅಷ್ಟೇ. ಪತ್ರವನ್ನು ನಾಲ್ಕು ಸಲ ಬರೆದಳು. ಮೊದಲ ಮೂರರಲ್ಲಿ ತನ್ನ ಮೇಲೆ ಏನೂ ಬೀಳದ ಹಾಗೆ ವಾಕ್ಯಗಳನ್ನು ಜೋಡಿಸಿದ್ದಳು; ಓದಿದಾಗ ಅವಳಿಗೇ ಅಸಹ್ಯವಾಯಿತು. ಪತ್ರ ಕಳಿಸಿದರೆ ಅಮ್ಮನ ಹೆಸರು ಬರುತ್ತದೆ, ಮೇಷ್ಟ್ರ ಪರವಾನಗಿ ಖಂಡಿತ ಹೋಗುತ್ತದೆ. ಕಳಿಸದಿದ್ದರೆ ಸರಿಯಿದ್ದ ಅಂಕಿ ಸುಳ್ಳಾಗಿಯೇ ಉಳಿಯುತ್ತದೆ. ಹತ್ತನೆಯ ದಿನ ಫೋನು ಮಾಡಿದಳು.

ಎತ್ತಿದ್ದು ಅಮ್ಮ.

"ಹೇಳು."

"ಅಮ್ಮಾ, ನಾನು ಮಧ್ಯಸ್ಥಗಾರರಿಗೆ ಬರೀಬೇಕು ಅಂತಿದ್ದೀನಿ. ಅಂಕಿ ಸರಿ ಇದೆ ಅಂತ. ಬರೆದ್ರೆ ನೀವು ನೋಡಿದ್ದನ್ನೂ ಬರೀಬೇಕಾಗುತ್ತೆ."

"ಬರಿ. ನಾನೇನು ಕದ್ದು ನೋಡಿಲ್ಲ."

"ಇನ್ನೊಂದಿದೆ ಅಮ್ಮಾ. ಆ ವಕೀಲರಿಗೆ..."

"ಗೊತ್ತು," ಎಂದರು ಅಮ್ಮ. "ಅವತ್ತೇ ಗೊತ್ತಾಯ್ತು. ನಿನ್ನ ಮುಖದ ಬಣ್ಣ ಓದೋಕೆ ನನಗೆ ಕಿಟಕಿ ಬೇಡ. ಹತ್ತು ದಿನದಿಂದ ಬಂದವರಿಗೆಲ್ಲ ಹೇಳ್ತಿದ್ದಾರೆ, ನನ್ನ ಹುಡುಗಿ ಮಾತು ಉಳಿಸ್ಕೊಂಡ್ಳು ಅಂತ. ನಾನು ತುಟಿ ಹೊಲಿದುಕೊಂಡು ಕಾಫಿ ಕೊಡ್ತಿದ್ದೀನಿ."

"ಕ್ಷಮಿಸಿ ಅಮ್ಮಾ."

"ನನ್ನ ಹತ್ರ ಏನು ಕ್ಷಮೆ? ಇಲ್ಲೇ ಇದ್ದಾರೆ. ಅವರಿಗೆ ಹೇಳು." ಫೋನು ಕೈ ಬದಲಾಯಿಸಿದ ಸದ್ದು. "ತಗೊಳ್ರೀ. ನಿಮ್ಮ ಅರ್ಧಹನಿ."

"ಏನಮ್ಮಾ, ತೀರ್ಪು ಬಂತಾ?" ಮೇಷ್ಟ್ರ ದನಿ ಗೆಲುವಾಗಿತ್ತು.

ಅವಳು ಕಣ್ಣು ಮುಚ್ಚಿಕೊಂಡಳು. "ಸರ್, ವಕೀಲರಿಗೆ ನಿಮ್ಮ ಕಣ್ಣಿನ ವಿಷಯ ಹೇಳಿದ್ದು ನಾನು. ಲಿಫ್ಟಿನ ಹತ್ರ. ನನ್ನನ್ನ ಚುಚ್ಚಿದ್ರು, ತಡ್ಕೊಳ್ಳಕ್ಕಾಗದೆ ಹೇಳ್ಬಿಟ್ಟೆ."

ಅತ್ತ ಕಡೆ ಯಾವುದೋ ಕುರ್ಚಿ ಎಳೆದ ಸದ್ದು, ಕೂತಿರಬೇಕು. ಅವರು ಮಾತಾಡಿದಾಗ ಅದು ಲ್ಯಾಬಿನ ದನಿಯಾಗಿತ್ತು, ರೀಡಿಂಗು ಕೇಳುವಾಗಿನ ದನಿ.

"ಎರಡೂ ಹೇಳಿದ್ಯಾ, ಒಂದೇ ಹೇಳಿದ್ಯಾ?"

"ಒಂದೇ ಸರ್."

"ನನ್ನ ಕಣ್ಣಿನದು."

"ಹೌದು ಸರ್."

"ಇವಳ ಕಣ್ಣಿನದು ಹೇಳಲಿಲ್ಲ."

"ಇಲ್ಲ ಸರ್."

"ಅದನ್ನ ಬರಿ," ಎಂದರು. "ಇವತ್ತೇ." ಫೋನು ಇಟ್ಟರು.

ಅವಳು ಅಂದೇ ಬರೆದು ಕಳಿಸಿದಳು. ತಾನು ಕಂಡದ್ದು, ಅಮ್ಮ ನೋಡಿದ್ದು, ಕೊನೆಗೆ ತಾನು ಮಾತು ಮುರಿದದ್ದು, ಯಾವ ದಿನ, ಯಾವ ಮಹಡಿಯಲ್ಲಿ ಎಂಬುದರ ಸಮೇತ. ವಕೀಲರು ಫೋನು ಮಾಡಿ ಬಾಯಿಗೆ ಬಂದಂತೆ ಅಂದರು. ಕಂಪನಿ ಅವಳನ್ನು ಕೈಬಿಟ್ಟಿತು. ಮಧ್ಯಸ್ಥಗಾರರು ವಿಚಾರಣೆಯನ್ನು ಒಂದು ದಿನಕ್ಕೆ ಮತ್ತೆ ತೆರೆದು ಅಮ್ಮನನ್ನು ಕರೆಸಿದರು. ಆ ದಿನದ ದಾಖಲೆಯನ್ನು ಅವಳಿಗೂ ಕಳಿಸಿದರು. ವಕೀಲರು ಈ ಸಲ ನಲವತ್ತು ಚೀಟಿ ಇಟ್ಟಿದ್ದರಂತೆ. ಅಮ್ಮ ನಲವತ್ತನ್ನೂ ಸರಿಯಾಗಿ ಬೇರ್ಪಡಿಸಿ, ನೀಲಿಯನ್ನು ಮತ್ತೆ ಎರಡು ರಾಶಿ ಮಾಡಿ, "ಇವು ಎರಡು ಬೇರೆ ಬೇರೆ ಕಟ್ಟಿನ ಕಾಗದ" ಎಂದಿದ್ದರು. ಆಮೇಲೆ, "ನಿಮ್ಮ ಕೋಟಿನ ತೋಳು ಮೈ ಒಂದೇ ತಾನಿಂದು ಅಲ್ಲ ಸ್ವಾಮಿ, ದರ್ಜಿ ಮೋಸ ಮಾಡಿದ್ದಾನೆ" ಎಂದದ್ದೂ ದಾಖಲೆಯಲ್ಲಿತ್ತು. ಅದನ್ನು ಓದಿ ಅವಳು ನಕ್ಕಳು.

ತೀರ್ಪು ಬಂತು. ಪ್ರಮಾಣಪತ್ರ ಕ್ರಮಬದ್ಧವಲ್ಲ, ಆದರೆ ಅದರಲ್ಲಿನ ಅಂಕಿ ನಿಜ. ಎಣ್ಣೆ ಹಡಗೇರುವಾಗ ತಾಜಾ ಇತ್ತು. ಗಿರಣಿ ಗೆದ್ದಿತು. ಎರಡು ತಿಂಗಳ ಮೇಲೆ ಮೇಷ್ಟ್ರ ಪರವಾನಗಿ ರದ್ದಾಯಿತು. ಆ ಹೊತ್ತಿಗೆ ಅವರ ಎರಡೂ ಕಣ್ಣಿನ ಆಪರೇಷನ್ ಆಗಿತ್ತು.

ಅವಳು ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಅಮ್ಮ ಎತ್ತುತ್ತಾರೆ. ಕಣ್ಣು ಹೇಗಿದೆ, ಔಷಧಿ ಹಾಕುತ್ತಿದ್ದಾರಾ, ಎಲ್ಲ ಹೇಳುತ್ತಾರೆ. "ಸರ್‌ಗೆ ಕೊಡ್ತೀರಾ?" ಎಂದು ಅವಳು ಪ್ರತಿ ಸಲವೂ ಕೇಳುತ್ತಾಳೆ.

"ಮಲಗಿದ್ದಾರಮ್ಮ," ಎನ್ನುತ್ತಾರೆ ಅಮ್ಮ.

ಬೆಳಗಿನ ಹನ್ನೊಂದು ಗಂಟೆ. ಅಮ್ಮನ ದನಿಯ ಹಿಂದೆ ಯಾರೋ ಪೇಪರಿನ ಹಾಳೆ ತಿರುಗಿಸುತ್ತಾರೆ, ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಕೆಮ್ಮನ್ನು ಅವಳು ಇಪ್ಪತ್ತೆರಡು ವರ್ಷದಿಂದ ಬಲ್ಲಳು.

"ಮಲಗಿರ್ಲಿ ಬಿಡಿ ಅಮ್ಮಾ. ಮುಂದಿನ ವಾರ ಮಾಡ್ತೀನಿ," ಎನ್ನುತ್ತಾಳೆ.